ಗೌರಮ್ಮನ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ

ಜರಗನಹಳ್ಳಿ ಹಳೇ ಬಾವಿ ನೋಡಿದೀರಲ್ಲ... ಈಗ ಅದರ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದಾರೆ. ಮೂರು ಕಡೆ ಬಿಲ್ಡಿಂಗು, ಒಂದು ಕಡೆ ಅರಳಿಮರ. ಆ ಬಾವಿ ಮುಂದೆ ಒಂದು ರಾತ್ರಿ ನಮ್ಮ ಶಿವರಾಮಣ್ಣ ನಡ್ಕೊಂಡು ಬರ್ತಿದ್ದ. ಶಿವರಾಮಣ್ಣ ಅಂದ್ರೆ ನಮ್ಮ ದೊಡ್ಡಮ್ಮ ಗೌರಮ್ಮನ ಮಗ. ಕನಕಪುರ ರೋಡ್ ಮೆಡಿಕಲ್ ಸ್ಟೋರಿಂದ ಮಗಳಿಗೆ ಔಷಧಿ ತಗೊಂಡು ಮನೆಗೆ ಹೊರಟಿದ್ದ. ಮಗಳು ಸಿರಿ, ಒಂದನೇ ಕ್ಲಾಸು. ಮಗು ಹಾಸಿಗೆ ಹಿಡಿದಿತ್ತು, ಇವನು ನಿದ್ದೆ ಬಿಟ್ಟಿದ್ದ. ಕಣ್ಣು ತೆರೆದಿದ್ರೂ ಅರ್ಧ ನಿದ್ದೇಲೇ ನಡೀತಿದ್ದ.

ಕಿರ್ರ್... ಕಿರ್ರ್... ರಾಟೆ ತಿರುಗೋ ಸದ್ದು.

ಆ ಬಾವಿಗೆ ರಾಟೆ ಇಲ್ಲ. ನಾನು ಲಂಗ ಹಾಕ್ಕೊಂಡು ಓಡಾಡೋ ಕಾಲಕ್ಕೇ ಕಿತ್ತು ಹಾಕಿದ್ರು. ನೀರೂ ಇಲ್ಲ, ಒಳಗೆಲ್ಲ ಮಣ್ಣು ತುಂಬಿಸಿದಾರೆ. ಆದ್ರೂ ಕಿರ್ರ್... ಆಮೇಲೆ ಕೆಳಗೆಲ್ಲೋ ದುಡುಮ್ ಅಂತ ಬಿಂದಿಗೆ ಬಿದ್ದ ಸದ್ದು.

ಬಾವಿ ಕಟ್ಟೆ ಮೇಲೆ ಒಂದು ಹೆಂಗಸು ಕೂತಿದ್ಲು. ಚಿಕ್ಕ ವಯಸ್ಸು. ತಲೆ ಬಗ್ಗಿಸ್ಕೊಂಡು ಕೂದಲು ಹಿಂಡ್ತಿದ್ಲು. ತೊಟ್... ತೊಟ್... ನೀರು ಕಲ್ಲಿಗೆ ಬೀಳ್ತಿತ್ತು. ಇವನು ಹತ್ರ ಬಂದ ಕೂಡ್ಲೆ ಪಿಸುಮಾತಲ್ಲಿ ಕೇಳಿದ್ಲು.

"ಅಣ್ಣಾ... ಗೌರಮ್ಮ ವೀಡು ಎಂಗೆ?"

ಗೌರಮ್ಮನ ಮನೆ ಎಲ್ಲಿ ಅಂತ. ನಮ್ಮ ಕಡೆಯೋರಿಗೆ ಯಾರಾದ್ರೂ ದಾರಿ ಕೇಳಿದ್ರೆ ಬಾಯಿಗಿಂತ ಮೊದಲು ಕೈ ಎದ್ದಿರುತ್ತೆ. ಇವನ ಕೈಯೂ ಎದ್ದುಬಿಡ್ತು. "ಅದೋ, ಹಸಿರು ಗೇಟು. ಲೈಟ್ ಉರೀತಿದೆಯಲ್ಲ, ಅದೇ" ಅಂದ. ಅಂದು ಮುಂದೆ ನಡೆದ.

ನಾಲ್ಕು ಹೆಜ್ಜೆ ಆದ್ಮೇಲೆ ತಲೆಗೆ ಹೋಯ್ತು, ತಾನು ಯಾರಿಗೆ ಏನು ತೋರಿಸಿದೆ ಅಂತ. ಔಷಧಿ ಬಾಟ್ಲಿ ಕೈ ಜಾರಿ ಟಪ್ ಅಂತ ಬಿತ್ತು, ರೋಡಲ್ಲಿ ಉರುಳ್ಕೊಂಡು ಹೋಯ್ತು. ಹಿಂದೆ ತಿರುಗಿ ನೋಡ್ಲಿಲ್ಲ. ಓಡಿದ.

ಮನೆಯೊಳಗೆ ಸಿರಿ ಎದ್ದು ಕೂತಿದ್ಲು. ದಿಂಬಿಂದ ತಲೆ ಎತ್ತೋಕೂ ಆಗದೆ ಮಲಗಿದ್ದ ಮಗು ಬಾಗಿಲು ನೋಡ್ಕೊಂಡು ಕೂತಿತ್ತು.

"ಅಪ್ಪಾ... ಆಂಟಿಗೆ ಮನೆ ತೋರಿಸಿದ್ಯಾ?"

ಏಯ್ ಮೋಹಿತ್, ಟಾರ್ಚ್ ಆರ್ಸೋ. ಕರೆಂಟ್ ಬಂದಾಗ ಬರುತ್ತೆ. ಕತ್ರಿಗುಪ್ಪೇಲಿ ಕರೆಂಟ್ ಹೋದ್ರೆ ಟೆರೇಸ್ ಮೇಲೆ ಕತೆ ಬೇಕು ನಿಮಗೆ, ಕತೆ ಶುರುವಾದ್ರೆ ಬೆಳಕು ಬೇಕು. ಮೊದಲಿಂದ ಹೇಳ್ತೀನಿ. ಮಧ್ಯ ಬಾಯಿ ಹಾಕಬೇಡಿ. ಇದು ಯಾರದೋ ಕತೆ ಅಲ್ಲ, ನಮ್ಮ ಮನೇಲಿ ಆಗಿದ್ದು.

ನಮ್ಮ ದೊಡ್ಡಮ್ಮ ಗೋಡೆಗೂ ಮಾತು ಕಲಿಸೋ ಹೆಂಗಸು. ಬಸ್ಸಲ್ಲಿ ಪಕ್ಕದಲ್ಲಿ ಕೂತೋರು, ಆಸ್ಪತ್ರೇಲಿ ಚೀಟಿ ಹಿಡ್ಕೊಂಡು ನಿಂತೋರು, ಯಾರಾದ್ರೂ ಸರಿ, ಏಳೋ ಹೊತ್ತಿಗೆ ನೆಂಟರಾಗಿರ್ತಿದ್ರು. ಕೊನೇಗೆ ಒಂದೇ ಮಾತು. "ಒಂದ್ಸಲ ಮನೆಗೆ ಬನ್ನಿ. ಜರಗನಹಳ್ಳಿ, ಹಳೇ ಬಾವಿ ಹತ್ರ. ಗೌರಮ್ಮನ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ." ಹಂಗೆ ಕರೆದೋರೆಲ್ಲ ಬಂದಿದ್ರೆ ಜರಗನಹಳ್ಳಿ ಸಾಲ್ತಿರ್ಲಿಲ್ಲ. ಯಾರೂ ಬರ್ತಿರ್ಲಿಲ್ಲ. ಅದು ಬಾಯಿಮಾತು ಅಂತ ಕರೆದೋರಿಗೂ ಗೊತ್ತು, ಕರೆಸ್ಕೊಂಡೋರಿಗೂ ಗೊತ್ತು. ನಾವೂ ನೀವೂ ದಿನಾ ಅನ್ನೋದೇ ತಾನೆ?

ಅಪ್ಪಿತಪ್ಪಿ ಯಾರಾದ್ರೂ ಬಂದೇಬಿಟ್ರೆ ಮುಗೀತು. ಊಟ ಹಾಕದೆ ಬಿಡ್ತಿರ್ಲಿಲ್ಲ. ಹೆಂಗಸರಾದ್ರೆ ಅರಿಶಿನ ಕುಂಕುಮ, ಮಡಿಲಿಗೆ ಅಕ್ಕಿ. ಆಮೇಲೆ "ಬೀದಿ ಕೊನೆ ತನಕ ಬಿಟ್ಟು ಬರ್ತೀನಿ" ಅಂತ ಚಪ್ಪಲಿ ಮೆಟ್ಟೋದು. ಬೀದಿ ಕೊನೆ ಅಂದಿದ್ದು ಬಸ್‌ಸ್ಟಾಪ್ ಆಗ್ತಿತ್ತು. ಬಸ್ ಬಂದು, ಹತ್ತಿಸಿ, ಅದು ಕಣ್ಣಿಗೆ ಮರೆಯಾಗೋವರೆಗೂ ನಿಂತಿರ್ತಿದ್ರು. ನಾನು ಚಿಕ್ಕೋಳಿದ್ದಾಗ ಬಸ್ ಕಿಟಕೀಲಿ ತಲೆ ಹಾಕಿ ನೋಡಿದ್ರೆ ದೊಡ್ಡಮ್ಮ ಇನ್ನೂ ಕೈ ಎತ್ಕೊಂಡೇ ಇರ್ತಿದ್ರು. ಬಂದೋರನ್ನ ಅರ್ಧ ದಾರೀಲಿ ಬಿಡಬಾರದು ಅನ್ನೋರು.

ಹೋದ ವರ್ಷ ಡಿಸೆಂಬರ್ ರಜಕ್ಕೆ ಶಿವರಾಮಣ್ಣ ಎಲ್ರನ್ನೂ ಕಾರಲ್ಲಿ ಪಾಂಡಿಚೇರಿಗೆ ಕರ್ಕೊಂಡು ಹೋದ. ಪ್ಲಾನೆಲ್ಲ ಅತ್ತಿಗೆ ಬಿಂದುಶ್ರೀದು. ಯಾವ ಬೀದೀಲಿ ನಡೀಬೇಕು, ಎಲ್ಲಿ ಏನು ತಿನ್ನಬೇಕು, ಎಲ್ಲಾ ಫೋನಲ್ಲಿ ನೋಡಿಟ್ಕೊಂಡಿದ್ಲು. ಅಲ್ಲಿ ತುಂಬಾ ನಡೀಬೇಕು ಅಂತ ದೊಡ್ಡಮ್ಮನಿಗೆ ಜಯನಗರ ಫೋರ್ತ್ ಬ್ಲಾಕಲ್ಲಿ ಹೊಸ ಚಪ್ಪಲಿ ಕೊಡಿಸಿದ್ಲು. ಕಂದು ಬಣ್ಣದ್ದು, ದಪ್ಪ ಅಟ್ಟೆದು. ಜೊತೇಲಿ ಹೋಗಿ ಆರಿಸಿದ್ದು ನಾನೇ. ನೆನಪಿಟ್ಕೊಳ್ಳಿ.

ಮೊದಲು ಸಮುದ್ರದ ಕಡೆ ಬೀದಿಗಳು. ಫ್ರೆಂಚರು ಕಟ್ಟಿದ್ದು. ಹಳದಿ ಗೋಡೆ, ಬಿಳೀ ಕಿಟಕಿ, ಕಾಂಪೌಂಡ್ ಮೇಲೆ ಕಾಗದದ ಹೂವಿನ ಬಳ್ಳಿ. ಬಿಂದುಶ್ರೀ ಪ್ರತಿ ಗೋಡೆ ಮುಂದೆ ಸಿರೀನ ನಿಲ್ಲಿಸಿ ಫೋಟೋ ತೆಗೆದ್ಲು. ದೊಡ್ಡಮ್ಮ ಸೆರಗಲ್ಲಿ ಗಾಳಿ ಹಾಕ್ಕೊಳ್ತಾ, "ಬಣ್ಣ ಹೊಡೆದ ಗೋಡೆ ನೋಡಕ್ಕೆ ಇಷ್ಟು ದೂರ ಬರ್ಬೇಕಿತ್ತೇನೋ ಶಿವು? ಮನೆಯೋರೊಬ್ರೂ ಬಾಗಿಲಲ್ಲೇ ಇಲ್ಲ" ಅಂದ್ರಂತೆ. ಕಾಲುವೆ ದಾಟಿ ತಮಿಳರ ಬೀದಿಗೆ ಹೋದ್ಮೇಲೆ ಮುಖ ಅರಳ್ತು. ಅಲ್ಲಿ ಮನೆಮನೆಗೂ ಕಂಬ ಇಟ್ಟ ಜಗಲಿ. ನಮ್ಮ ಹಳ್ಳಿಮನೆ ಇದ್ದಂಗೇ ಇದೆ ಅಂತ ಒಂದೊಂದು ಜಗಲಿ ಮೇಲೂ ಕೂತ್ರು. ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡಿದ್ರು, ಎಲ್ರನ್ನೂ ಜರಗನಹಳ್ಳಿಗೆ ಕರೆದ್ರು. ಸಾಬರ ಬೀದೀಲಿ ಅತ್ತರು ಮಾರೋ ಅಜ್ಜನ್ನ ಕರೆದ್ರು. ಮೀನುಗಾರರ ಕೇರೀಲಿ ಬಲೆ ಹೊಲೀತಿದ್ದೋರನ್ನ ಕರೆದ್ರು. ಭಾನುವಾರದ ಸಂತೇಲಿ ಸ್ಟೀಲ್ ಪಾತ್ರೆ ಮಾರೋಳನ್ನೂ ಕರೆದ್ರು.

ಕೊನೇ ದಿನ ಸಂಜೆ ಬೀಚ್ ರೋಡು. ಹೊತ್ತು ಮುಳುಗಿದ ಮೇಲೆ ಅಲ್ಲಿ ಗಾಡಿ ಬಿಡಲ್ಲ. ಊರಿಗೆ ಊರೇ ಬಂದು ಕಡಲ ಪಕ್ಕ ಓಡಾಡುತ್ತೆ. ಅಲ್ಲಿ ಮರಳಿಗಿಂತ ಕರೀ ಬಂಡೆಗಳೇ ಜಾಸ್ತಿ. ಅಲೆ ಬಂದು ಬಂಡೆಗೆ ಧಡ್ ಅಂತ ಹೊಡೆಯುತ್ತೆ... ಆಮೇಲೆ ಕಲ್ಲಿನ ಸಂದೀಲಿ ಸೊರ್ರ್ ಅಂತ ವಾಪಸ್ ಹೋಗುತ್ತೆ. ಈ ಸದ್ದು ಮನಸ್ಸಲ್ಲಿರಲಿ. ಧಡ್... ಸೊರ್ರ್...

ದೊಡ್ಡಮ್ಮ ಸಿರೀನ ಪಕ್ಕದಲ್ಲಿ ಕೂರಿಸ್ಕೊಂಡು ಮೋಟು ಗೋಡೆ ಮೇಲೆ ಕೂತ್ರು. ಗಂಡ ಹೆಂಡ್ತಿ ಸುಂಡಲ್, ಅದೇ ಕಡಲೆ ಉಸಲಿ, ತರೋಕೆ ಹೋದ್ರು. ವಾಪಸ್ ಬರ್ತಾ ಶಿವರಾಮಣ್ಣ ದೂರದಿಂದ ನೋಡಿದಾನೆ. ಅಮ್ಮ ಯಾರ ಜೊತೇಲೋ ಮಾತಾಡ್ತಾ ಕಣ್ಣು ಒರೆಸ್ಕೊಳ್ತಿದ್ರು. ಸಿರಿ ಒಂದು ಕೈ ಮುಂದೆ ಚಾಚಿತ್ತು, ಯಾರೋ ಹಿಡ್ಕೊಂಡಿರೋ ಥರ. ಆದ್ರೆ ಅವರ ಪಕ್ಕ ಯಾರೂ ಇರ್ಲಿಲ್ಲ. ಅಜ್ಜಿ ಮೊಮ್ಮಗಳು ಆಟ ಆಡ್ತಿದಾರೆ ಅಂದ್ಕೊಂಡ. ಹತ್ರ ಬಂದಾಗ ಗೋಡೆ ಮೇಲೆ ಒದ್ದೆ ಇತ್ತು. ಒಬ್ರು ಕೂತೆದ್ದಷ್ಟು ಜಾಗ.

ಮಾರನೇ ದಿನ ಜರಗನಹಳ್ಳಿಗೆ ಬಂದ್ರು. ಆವತ್ತು ರಾತ್ರಿ ಸಿರಿ ನಿದ್ದೇಲಿ ಪಿಸುಗುಟ್ತು. "ಆಂಟಿ ತಿಂಡಿವನಂ ಹತ್ರ ಬಂದ್ರು."

ದಾರೀಲಿ ಬೋರ್ಡ್ ಓದಿರಬೇಕು ಅಂತ ನಕ್ರು. ಮಾರನೇ ರಾತ್ರಿ "ಆಂಟಿ ಜಿಂಜಿ." ಆಮೇಲೆ ತಿರುವಣ್ಣಾಮಲೈ. ದಿನಕ್ಕೊಂದು ಊರು, ಇವರು ಬಂದ ದಾರೀಲೇ. "ಆಂಟಿ ನಡ್ಕೊಂಡು ಬರ್ತಿದಾರೆ. ಕಾಲಲ್ಲಿ ಚಪ್ಪಲಿ ಇಲ್ಲ." ಆಮೇಲೆ ಯಾರೂ ನಗಲಿಲ್ಲ. ಯಾಕಂದ್ರೆ ಅವಳು ಒಂದೊಂದು ಊರು ಹತ್ರ ಆದಂಗೂ ಮಗು ಒಂದೊಂದು ಸುತ್ತು ಇಳೀತಿತ್ತು. ಅನ್ನ ಬಿಡ್ತು. ಮೈ ತಣ್ಣಗಿರೋದು, ಥರ್ಮಾಮೀಟರ್ ಇಟ್ರೆ ಜ್ವರ ತೋರಿಸೋದು. ಬೆಳಿಗ್ಗೆ ಎಬ್ಬಿಸಿದ್ರೆ ಕೂದಲು ಒದ್ದೆ. ತುಟಿ ಮೇಲೆ ಬೆಳ್ಳಗೆ ಏನೋ ಹತ್ತಿರ್ತಿತ್ತು. ಬಿಂದುಶ್ರೀ ಒಂದಿನ ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟು ನೋಡಿದ್ಲು. ಉಪ್ಪು.

ಜಯನಗರದ ಮಕ್ಕಳ ಡಾಕ್ಟ್ರು ರಕ್ತ ತೆಗೆಸಿದ್ರು, ಸ್ಕ್ಯಾನ್ ಮಾಡಿಸಿದ್ರು. ಎಲ್ಲಾ ನಾರ್ಮಲ್. "ವೈರಲ್ ಇರಬಹುದು ಮೇಡಂ, ನೀರು ಜಾಸ್ತಿ ಕುಡಿಸಿ" ಅಂದ್ರು. ಬಿಂದುಶ್ರೀ ಬನಶಂಕರಿ ಅಮ್ಮನಿಗೆ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದ್ಲು. ಕಡ್ಡಿ ಗೀರಿ ಗೀರಿ ಹತ್ತದೆ, ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ಕೈ ಹಿಡಿದು ಹಚ್ಚಿಸಿದ್ಲಂತೆ. ರಾತ್ರಿ ಹೊತ್ತು ತನ್ನ ಸೆರಗಿನ ತುದಿ ಮಗುವಿನ ಕೈಗೆ ಗಂಟು ಹಾಕ್ಕೊಂಡು ಮಲಗ್ತಿದ್ಲು.

ಆಂಟಿ ಕೃಷ್ಣಗಿರಿ ಅಂದ ರಾತ್ರಿ ಮನೆ ಬಿಟ್ಟು ಹೋಗೋಣ ಅಂತ ತೀರ್ಮಾನ ಆಯ್ತು. ಮಗೂನ ಎತ್ಕೊಂಡು ಇಟ್ಟಮಡುವಲ್ಲಿ ಬಿಂದುಶ್ರೀ ಅಕ್ಕನ ಮನೆಗೆ ಹೋದ್ರು. ಮಧ್ಯರಾತ್ರಿ ಮಗು ಬಿಕ್ಕೋಕೆ ಶುರು ಮಾಡ್ತು. "ಆಂಟಿ ರೋಡಲ್ಲಿ ನಿಂತ್ಬಿಟ್ಟಿದಾರೆ... ಮನೇಲಿ ನಾನಿಲ್ಲ ಅಂತ ಅಳ್ತಿದಾರೆ..." ಅಷ್ಟೇ. ಉಸಿರು ನಿಂತುಹೋಯ್ತು. ತುಟಿ ನೀಲಿ. ಶಿವರಾಮಣ್ಣ ಮಗೂನ ಹೆಗಲಿಗೆ ಹಾಕ್ಕೊಂಡು ಮೆಟ್ಟಿಲಿಳಿದ. ಆಸ್ಪತ್ರೆಗೆ ಅಂತ ಹೊರಟ, ದಾರೀಲಿ ಕಾರು ಜರಗನಹಳ್ಳಿ ಕಡೆ ತಿರುಗಿದ ಕೂಡ್ಲೆ ಮಗು ಉಸಿರು ಎಳ್ಕೊಳ್ತು. ಓಡಿಹೋಗೋ ದಾರೀನೂ ಮುಚ್ಚಿಹೋಯ್ತು ಅಂತ ಆವತ್ತು ಗೊತ್ತಾಯ್ತು. ಸ್ಟೀರಿಂಗ್ ಮೇಲೆ ತಲೆ ಇಟ್ಕೊಂಡು ಅತ್ತನಂತೆ ನಮ್ಮಣ್ಣ. ಅವನು ಅಳೋದನ್ನ ಯಾರೂ ನೋಡಿರ್ಲಿಲ್ಲ.

ಬೆಳಿಗ್ಗೆ ನಾನು ಹೋದೆ. ಬಿಂದುಶ್ರೀ ಮಗುವಿನ ಪಕ್ಕ ಕೂತು ಕೇಳ್ತಿದ್ಲು. "ಚಿನ್ನಾ, ಯಾವ ಆಂಟಿ? ಯಾಕೆ ಬರ್ತಿದಾರೆ?"

"ಅಜ್ಜಿ ತಾನೇ ಬಾ ಅಂದಿದ್ದು..."

ಎಲ್ರೂ ದೊಡ್ಡಮ್ಮನ ಕಡೆ ತಿರುಗಿದ್ವಿ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ರು. ಮುಖದಲ್ಲಿ ರಕ್ತ ಇರ್ಲಿಲ್ಲ.

"ಯಾರನ್ನ ಕರೆದ್ರಿ ಅತ್ತೆ?" ಬಿಂದುಶ್ರೀ ಕೂಗಲಿಲ್ಲ. ಮೆಲ್ಲಗೆ ಕೇಳಿದ್ಲು. ಕೂಗಿದ್ರೇ ವಾಸಿ ಇತ್ತು.

ದೊಡ್ಡಮ್ಮ ಗೋಡೆ ಹಿಡ್ಕೊಂಡು ಕೂತ್ರು. ಬೀಚ್ ರೋಡಲ್ಲಿ ಒಂದು ಹೆಣ್ಣು ಪಕ್ಕ ಬಂದು ಕೂತ್ಲಂತೆ. ಸೀರೆಯೆಲ್ಲ ಒದ್ದೆ. ಯಾವೂರಮ್ಮ, ಮಕ್ಕಳೆಷ್ಟು ಅಂತ ಇವರು ಕೇಳಿದಾರೆ. ಒಂದು ಹೆಣ್ಣು ಮಗು ಇತ್ತು, ಈ ಬಂಡೆ ಹತ್ರಾನೇ ನೀರಿಗೆ ಹೋಯ್ತು, ಹುಡುಕ್ತಾನೇ ಇದೀನಿ ಅಂದ್ಲಂತೆ. ನಮ್ಮ ದೊಡ್ಡಮ್ಮನ ಕರುಳು ಕೇಳಬೇಕಲ್ಲ... "ಅಳಬೇಡ ಕಣಮ್ಮ. ಇವಳೂ ನಿನ್ನ ಮಗಳಿದ್ದಂಗೆ ಅಂದ್ಕೋ. ಬೆಂಗಳೂರಿಗೆ ಬಂದ್ರೆ ಮನೆಗೆ ಬಾ, ನೋಡ್ಕೊಂಡು ಹೋಗು. ಗೌರಮ್ಮನ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ" ಅಂದಿದಾರೆ. ಸಿರಿಗೆ ಆಂಟಿ ಕೈ ಹಿಡ್ಕೊ ಅಂದಿದಾರೆ.

ಅವಳು ತಲೆ ಎತ್ತಿ ಕೇಳಿದ್ಲಂತೆ. "ನಿಜವಾಗ್ಲೂ ಬರ್ಲಾ?"

"ಅಯ್ಯೋ, ಬಾರಮ್ಮ!"

ಇಷ್ಟೇ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ. ಆವತ್ತಿಂದ ಆ ಮನೇಲಿ ದೊಡ್ಡಮ್ಮನ ಧ್ವನಿ ಕೇಳಲಿಲ್ಲ. ನಂಗೆ ಅವರ ಮೇಲೆ ಸಿಟ್ಟು ಬರ್ಲಿಲ್ಲ, ನಿಜ ಹೇಳ್ತೀನಿ. ಅತ್ತೋಳನ್ನ ನೋಡಿ ಸಮಾಧಾನ ಹೇಳೋದು ತಪ್ಪಾ?

ಆಂಟಿ ಹೊಸೂರು. ಆಂಟಿ ಬೊಮ್ಮನಹಳ್ಳಿ. ಮಗು ಕಣ್ಣು ಬಿಡೋದೂ ನಿಲ್ಲಿಸ್ತು. ಅದರ ಮಾರನೇ ರಾತ್ರೀನೇ ಶಿವರಾಮಣ್ಣ ಬಾವಿ ಹತ್ರ ದಾರಿ ತೋರಿಸಿದ್ದು. ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ...

ಆ ರಾತ್ರಿ ನಾನಲ್ಲೇ ಇದ್ದೆ. ಅಣ್ಣ ಒಳಗೆ ಬಂದೋನೇ ಬಾಗಿಲು ಹಾಕಿ ಮೇಲಿನ ಚಿಲಕ, ಕೆಳಗಿನ ಚಿಲಕ ಎರಡೂ ಎಳೆದ. ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಏದುಸಿರು ಬಿಡ್ತಿದ್ದ.

"ಬಂದ್ಲು" ಅಂದ. "ನಾನೇ ತೋರಿಸ್ಬಿಟ್ಟೆ ಸೌಮ್ಯ... ನನ್ನ ಕೈಯಾರೆ."

ಹೊರಗೆ ಗೇಟು ಕಿರ್ ಅಂತು. ಆಮೇಲೆ... ಪಚ್... ಪಚ್... ಒದ್ದೆ ಕಾಲಿನ ಸದ್ದು. ಮೆಟ್ಟಿಲ ಹತ್ರ ನಿಂತಿತು. ಆಮೇಲೆ ನಾನು ಜನ್ಮದಲ್ಲಿ ಮರೆಯದ ಸದ್ದು. ಜರಗನಹಳ್ಳೀಲಿ, ನಮ್ಮ ದೊಡ್ಡಮ್ಮನ ಬಾಗಿಲಾಚೆ. ಧಡ್... ಸೊರ್ರ್... ಧಡ್... ಸೊರ್ರ್...

ಸಿರಿ ಹಾಸಿಗೆ ಇಳಿದ್ಲು. ಬಾಗಿಲ ಕಡೆ ಹೊರಟ್ಲು. ಬಿಂದುಶ್ರೀ ಸೊಂಟ ತಬ್ಬಿ ಹಿಡಿದ್ರೆ ಅಮ್ಮನ್ನೂ ಎಳ್ಕೊಂಡು ನಡೀತಿದ್ಲು ಆರು ವರ್ಷದ ಕೂಸು. ನಾನೂ ಹೋಗಿ ಹಿಡ್ಕೊಂಡೆ. ಕಾಲು ನೆಲದಲ್ಲಿ ಜಾರ್ತಿತ್ತು ನಮಗೆ. ಬಿಂದುಶ್ರೀ ಹಲ್ಲು ಕಚ್ಕೊಂಡು ಒಂದೇ ಮಾತು ಹೇಳ್ತಿದ್ಲು. "ಕೊಡಲ್ಲ... ಕೊಡಲ್ಲ... ಕೊಡಲ್ಲ..."

ಆಗ ದೇವರಮನೆಯಿಂದ ದೊಡ್ಡಮ್ಮ ಬಂದ್ರು. ಮುಖ ತೊಳೆದು ಕುಂಕುಮ ಇಟ್ಕೊಂಡಿದ್ರು. ಕೈಯಲ್ಲಿ ತಟ್ಟೆ. ಅರಿಶಿನ ಕುಂಕುಮ, ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಕಣ. ಇನ್ನೊಂದು ಕೈಯಲ್ಲಿ ಮೊರದ ತುಂಬ ಅಕ್ಕಿ.

"ಬಾಗಿಲು ತೆಗಿ ಶಿವು."

"ಅಮ್ಮಾ!"

"ತೆಗಿಯೋ. ಕರೆದು ಬಾಗಿಲು ಹಾಕ್ಕೊಳೋ ಮನೆ ಅಲ್ಲ ನಮ್ದು. ಕರೆದೋಳು ನಾನು. ಬಂದಿರೋಳು ನನ್ನ ನೆಂಟಳು. ಉಪಚಾರ ಮಾಡಿ ನಾನೇ ಕಳಿಸ್ತೀನಿ."

ಎಷ್ಟೋ ದಿನ ಆದ್ಮೇಲೆ ಕೇಳಿದ ಧ್ವನಿ. ಅಣ್ಣ ಜಗ್ಗಲಿಲ್ಲ. ದೊಡ್ಡಮ್ಮನೇ ಅವನನ್ನ ಮೊಣಕೈಯಲ್ಲಿ ಸರಿಸಿ, ತಟ್ಟೇನ ಮೊರದ ಮೇಲಿಟ್ಕೊಂಡು ಎರಡೂ ಚಿಲಕ ತೆಗೆದು ಹೊರಗೆ ಹೋದ್ರು. ಬಾಗಿಲು ಎಳ್ಕೊಂಡ್ರು.

ನಾನು ಕಿಟಕಿ ಸಂದೀಲಿ ನೋಡಿದೆ. ಮುಂದಿನ ಮೆಟ್ಟಿಲ ಮೇಲೆ ದೊಡ್ಡಮ್ಮ ಕೂತಿದ್ರು. ಎದುರಿಗೆ ಯಾರೂ ಇಲ್ಲ. ಕುಂಕುಮ ತಗೊಂಡು ಗಾಳೀಲಿ ಯಾರ ಹಣೆಗೋ ಇಟ್ಟ ಹಾಗೆ ಇಟ್ರು. ಮೊರ ಎತ್ತಿ ಮಡಿಲಿಗೆ ತುಂಬೋ ಹಾಗೆ ಅಕ್ಕಿ ಸುರಿದ್ರು. ಅಕ್ಕಿ ಸುರಿದದ್ದು ಕಣ್ಣಿಗೆ ಕಾಣಿಸ್ತು... ನೆಲಕ್ಕೆ ಬಿದ್ದ ಸದ್ದು ಬರಲಿಲ್ಲ. ಒಂದು ಕಾಳೂ ನೆಲಕ್ಕೆ ಬೀಳಲಿಲ್ಲ.

ದೊಡ್ಡಮ್ಮ ಪಿಸುಪಿಸು ಅಂತ ಮಾತಾಡ್ತಿದ್ರು.

"ಮಗೂಗೆ ಹುಷಾರಿಲ್ಲ ಕಣಮ್ಮ... ಅದಕ್ಕೂ ಒಬ್ಬಳು ತಾಯಿ ಇದಾಳೆ, ಒಳಗೆ... ಕೇಳಿಸ್ತಾ?"

ಏನೋ ಕೇಳಿಸ್ಕೊಳ್ತಿರೋ ಹಾಗೆ ತಲೆ ಓರೆ ಮಾಡಿದ್ರು.

"ಹೌದು... ದೂರಾನೇ... ಒಬ್ಬಳೇ ಹೆಂಗೆ ಹೋಗ್ತೀಯ..."

ಧಡ್... ಸೊರ್ರ್...

"ನಡಿ. ನಾನು ಬಿಟ್ಟು ಬರ್ತೀನಿ."

ಎದ್ದು ಹೊಸ ಚಪ್ಪಲಿ ಮೆಟ್ಕೊಂಡ್ರು. ಕಿಟಕಿ ಕಡೆ ತಿರುಗಿ, ದಿನಾ ಹೇಳೋ ಹಾಗೇ ಹೇಳಿದ್ರು. "ಬೀದಿ ಕೊನೆ ತನಕ ಬಿಟ್ಟು ಬರ್ತೀನಿ ಸೌಮ್ಯ. ಬಾಗಿಲು ಹಾಕ್ಕೊಳ್ಳಿ. ಮಗೂಗೆ ಬಿಸಿ ಅನ್ನ ಮಾಡು."

ಗೇಟು ಕಿರ್ ಅಂತು. ಬಿಂದುಶ್ರೀ ತೋಳಲ್ಲಿ ಸಿರಿ ಬಟ್ಟೆ ಥರ ಕುಸಿದ್ಲು. ಮುಗೀತು ಅಂದ್ಕೊಂಡ್ವಿ. ಅಣ್ಣ ಮಗುವಿನ ಎದೆಗೆ ಕಿವಿ ಇಟ್ಟ... ಒಂದು ಉದ್ದನೆ ಉಸಿರು. ಆಮೇಲೆ ಕಣ್ಣು ಬಿಟ್ಟು, "ಅಮ್ಮಾ, ಹಸಿವು" ಅಂತು.

ಆಮೇಲೆ ಅಣ್ಣ ಹುಚ್ಚನ ಥರ ಓಡಿದ. ಬಾವಿ ಹತ್ರ ಯಾರೂ ಇಲ್ಲ. ಜಾಲರಿಗೆ ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಕನಕಪುರ ರೋಡಲ್ಲಿ ಆ ಕಡೆ ಈ ಕಡೆ ಅಮ್ಮಾ ಅಮ್ಮಾ ಅಂತ ಕೂಗಾಡಿದ. ಎದುರು ಅಪಾರ್ಟ್‌ಮೆಂಟಿನ ಕ್ಯಾಮೆರಾದಲ್ಲಿ ದೊಡ್ಡಮ್ಮ ಸಿಕ್ಕಿದ್ರು. ಒಬ್ರೇ ನಡ್ಕೊಂಡು ಹೋಗ್ತಿದಾರೆ. ಪಕ್ಕಕ್ಕೆ ತಿರುಗಿ ಮಾತಾಡ್ತಿದಾರೆ. ಬಲಗೈ ಸ್ವಲ್ಪ ಎತ್ತಿದೆ, ಕಾಲು ನೋಯೋರನ್ನ ಹಿಡ್ಕೊಂಡು ನಡೆಸ್ತೀವಲ್ಲ, ಹಂಗೆ.

ಬೆಳಿಗ್ಗೆ ಹೊಸ್ತಿಲು ತೊಳೆಯೋಕೆ ಹೋದೋಳು ನಾನು. ಮಡಿಲಕ್ಕಿ ಇಸ್ಕೊಂಡೋರು ಹೊರಡೋವಾಗ ಒಂದು ಹಿಡಿ ಅಕ್ಕಿ ವಾಪಸ್ ಆ ಮನೇಲೇ ಬಿಟ್ಟು ಹೋಗ್ತಾರೆ, ಗೊತ್ತಲ್ಲ? ಮನೆ ಭಾಗ್ಯ ಮನೇಲೇ ಇರಲಿ ಅಂತ. ಹೊಸ್ತಿಲ ಮೇಲೆ ಒಂದು ಹಿಡಿ ಅಕ್ಕಿ ಇತ್ತು. ಒದ್ದೆ. ಅದರ ಮಧ್ಯ ಬೆರಳಿನ ಉಗುರಷ್ಟು ಒಂದು ಕಪ್ಪೆಚಿಪ್ಪು.

ಅವಳು ಮಗೂನ ಬಿಟ್ಟಿದ್ಲು. ಒಪ್ಕೊಂಡೆ. ಆದ್ರೆ ನಮ್ಮ ದೊಡ್ಡಮ್ಮ?

ಪೊಲೀಸ್ ಕಂಪ್ಲೇಂಟ್ ಆಯ್ತು, ಫೋಟೋ ಹಾಕಿದ್ದಾಯ್ತು. ಆವತ್ತು ರಾತ್ರಿ ಸಿರಿ ಹೊಟ್ಟೆ ತುಂಬ ಉಂಡು ಮಲಗಿದ್ಲು. ಮಧ್ಯರಾತ್ರಿ ಪಿಸುಗುಟ್ಟಿದ್ಲು.

"ಅಜ್ಜಿ ಹೊಸೂರಲ್ಲಿದಾರೆ."

ಅಣ್ಣ ಹಾಕಿದ್ದ ಬಟ್ಟೇಲೇ ಕಾರು ತೆಗೆದ. ಹೊಸೂರು ಬಸ್‌ಸ್ಟ್ಯಾಂಡು, ಫ್ಲೈಓವರ್ ಕೆಳಗೆ, ದೇವಸ್ಥಾನದ ಜಗಲಿ, ಮಲಗಿದ್ದ ಮುದುಕೀರ ಮುಖದ ಮೇಲಿನ ಸೆರಗೆಲ್ಲ ಸರಿಸಿ ನೋಡಿದ. ಇಲ್ಲ. ಮಾರನೇ ರಾತ್ರಿ ಬಿಂದುಶ್ರೀ ಫೋನ್ ಮಾಡಿದ್ಲು. "ಕೃಷ್ಣಗಿರಿ ಅಂತಿದಾಳೆ ಕಣ್ರೀ... ಅಜ್ಜಿಗೆ ಕಾಲು ನೋವಂತೆ. ಬೇಗ ಹೋಗ್ರೀ..." ಅಲ್ಲಿಗೂ ಹೋದ. ಟೀ ಅಂಗಡಿಯೋನು ಹೇಳಿದ್ನಂತೆ, ಹೌದು ಸಾರ್, ಒಬ್ಬರು ಅಜ್ಜಿ ಈಗ ಹೋದ್ರು, ತಮ್ಮಷ್ಟಕ್ಕೆ ಮಾತಾಡ್ಕೊಂಡು ಹೋಗ್ತಿದ್ರು ಅಂತ. ಈಗ ಹೋದ್ರು ಅಂದ್ರೆ ಕಾರಲ್ಲಿ ಹೋದೋನಿಗೆ ಸಿಗಬೇಕಲ್ವಾ? ಸಿಗಲಿಲ್ಲ. ಕಿಟಕಿ ಗ್ಲಾಸ್ ಇಳಿಸಿ ಹೈವೇ ಉದ್ದಕ್ಕೂ ಅಮ್ಮಾ ಅಮ್ಮಾ ಅಂತ ಕೂಗ್ತಾ ಹೋದ. ತಿರುವಣ್ಣಾಮಲೈ ಮುಟ್ಟೋ ಹೊತ್ತಿಗೆ ಗಂಟಲು ಒಡೆದು ಧ್ವನಿ ಹೋಗಿತ್ತು. ಆಮೇಲೆ ಜಿಂಜಿ. ಆಮೇಲೆ ತಿಂಡಿವನಂ. ಪ್ರತಿ ಊರಲ್ಲೂ ಅವರು ಆಗ ತಾನೇ ಹೋಗಿರೋರು.

ಕೊನೇ ಸಲ ಬಿಂದುಶ್ರೀ ಫೋನ್ ಮಾಡಿದಾಗ ಅಳ್ತಿದ್ಲು. "ಸಮುದ್ರ ಬಂತಂತೆ" ಅಂದ್ಲು. "ಆಂಟಿ ಮನೆ ಬಂತಂತೆ. ಒಳಗೆ ಬನ್ನಿ ಅಂತ ಅಜ್ಜೀನ ಕರೀತಿದಾರಂತೆ..."

ಅವತ್ತು ಅಣ್ಣ ಪಾಂಡಿಚೇರೀಲಿ ಹುಡುಕಿದ ಹಾಗೆ ಯಾರೂ ಹುಡುಕಿರಲ್ಲ. ಬಿಂದುಶ್ರೀ ಆರಿಸಿಟ್ಟಿದ್ದ ಜಾಗಗಳೆಲ್ಲ ಒಂದೊಂದಾಗಿ ಮತ್ತೆ ನಡೆದ. ಹಳದಿ ಗೋಡೆ ಬೀದಿಗಳು, ಒಂದು ಬಾಗಿಲೂ ತೆರೆದಿರ್ಲಿಲ್ಲ. ತಮಿಳರ ಬೀದೀಲಿ ಅಮ್ಮ ಕೂತಿದ್ದ ಜಗಲಿಗಳನ್ನೆಲ್ಲ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿದ. ಅತ್ತರು ಅಜ್ಜನ ಬಾಗಿಲು ತಟ್ಟಿದ. ಮೀನುಗಾರರು ಬೆಳಗಿನ ಜಾವಕ್ಕೆ ದೋಣಿ ಇಳಿಸ್ತಿದ್ರು, ಅವರ ಕಾಲು ಹಿಡಿದ. ಬೆಳಕು ಹರಿಯೋ ಹೊತ್ತಿಗೆ ಬೀಚ್ ರೋಡಿಗೆ ಬಂದ. ಆ ಮೋಟು ಗೋಡೆ ಹತ್ರ.

ಗೋಡೆ ಆಚೆ, ಕರೀ ಬಂಡೆ ಮೇಲೆ ದೊಡ್ಡಮ್ಮನ ಚಪ್ಪಲಿ ಇತ್ತು. ನೀರಲ್ಲಿ ಕೊಚ್ಕೊಂಡು ಬಂದಿದ್ದಲ್ಲ. ನೆಂಟರ ಮನೆ ಒಳಗೆ ಹೋಗೋವಾಗ ಹೊರಗೆ ಬಿಡ್ತೀವಲ್ಲ, ಹಂಗೆ, ಜೊತೆಯಾಗಿ ನೀಟಾಗಿ ಬಿಟ್ಟಿದ್ರು.

ಅಷ್ಟೇ. ದೊಡ್ಡಮ್ಮ ಸಿಗಲಿಲ್ಲ. ಆವತ್ತಿಂದ ಸಿರಿ ನಿದ್ದೇಲಿ ಮಾತಾಡಿಲ್ಲ. ಈಗ ಎರಡನೇ ಕ್ಲಾಸು, ಗುಂಡುಗುಂಡಗೆ ಆಗಿದಾಳೆ.

ನಗಬೇಡ ಮೋಹಿತ್. ಸುಳ್ಳು ಹೇಳಿ ನಂಗೇನಾಗ್ಬೇಕು? ಸತ್ತೋರೋ ಬದುಕಿದಾರೋ ಗೊತ್ತಿಲ್ಲದ ನನ್ನ ದೊಡ್ಡಮ್ಮನ ಮೇಲೆ ಕತೆ ಕಟ್ತೀನಾ? ನಂಬದೇ ಇದ್ರೆ ಜರಗನಹಳ್ಳಿಗೆ ಹೋಗಿ ನೋಡಿ. ಬನ್ನಿ ಅಂತ ಮಾತ್ರ ನಾನು ಯಾರನ್ನೂ ಕರೆಯಲ್ಲ. ನಮ್ಮ ಮನೇಲಿ ಈಗ ಯಾರೂ ಆ ಮಾತು ಆಡಲ್ಲ. ಚಪ್ಪಲಿ ಅವರ ಮನೆ ಸ್ಟ್ಯಾಂಡಲ್ಲೇ ಇದೆ. ನಾನೇ ಆರಿಸಿದ ದಪ್ಪ ಅಟ್ಟೆ, ಹಿಮ್ಮಡಿ ಹತ್ರ ಕಾಗದದಷ್ಟು ಸವೆದು ತೂತು ಬಿದ್ದಿದೆ. ಕೊಂಡು ಒಂದು ತಿಂಗಳೂ ಆಗಿರ್ಲಿಲ್ಲ. ಆ ತೂತಲ್ಲಿ ನಾನೇ ಬೆರಳು ಹಾಕಿ ನೋಡಿದೀನಿ.

ಬಿಂದುಶ್ರೀ ದಿನಾ ಬೆಳಿಗ್ಗೆ ಆ ಒದ್ದೆ ಚಪ್ಪಲೀನ ಎತ್ತಿ ಬಿಸಿಲಲ್ಲಿ ಇಡ್ತಾಳೆ, ಸಂಜೆ ಒಳಗೆ ತರ್ತಾಳೆ. ಇನ್ನೂ ಆರಿಲ್ಲ.